ಎಂ.ಟೆಕ್ ದಂಡ ಎನ್ನುವವರ ಲೆಕ್ಕ

ಕೆಮಿಕಲ್ ಎಂಜಿನಿಯರಿಂಗ್‌ನಲ್ಲೋ ಬಯೋಟೆಕ್ನಾಲಜಿಯಲ್ಲೋ ಬಿ.ಇ. ಕೊನೆಯ ವರ್ಷ ಮುಟ್ಟಿದ ಹುಡುಗ ಹುಡುಗಿಯರಿಗೆ ಬಿಟ್ಟಿ ಸಲಹೆಗೆ ಬರವಿಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಸೋದರಮಾವ ಹೇಳುತ್ತಾನೆ, ವಿದೇಶಕ್ಕೆ ಕಳಿಸಿ ಕಮಿಷನ್ ಎಣಿಸುವ ಕನ್ಸಲ್ಟೆನ್ಸಿಯವರು ಹೇಳುತ್ತಾರೆ, ಎಂಟು ನಿಮಿಷದ ವಿಡಿಯೋದಲ್ಲಿ ಒಬ್ಬರ ಬದುಕು ತೀರ್ಮಾನಿಸುವ ಯೂಟ್ಯೂಬಿನವರು ಹೇಳುತ್ತಾರೆ. ಒಬ್ಬರ ಮಾತನ್ನು ಇನ್ನೊಬ್ಬರು ಒಪ್ಪದ ಈ ಗುಂಪು ಒಂದು ವಿಷಯದಲ್ಲಿ ಮಾತ್ರ ಒಮ್ಮತಕ್ಕೆ ಬಂದಿದೆ: ಈ ಶಾಖೆಯಲ್ಲಿ, ಈ ದೇಶದಲ್ಲಿ ಸ್ನಾತಕೋತ್ತರ ಓದು ದಂಡ. ಅವರ ವಾದಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಅವರು ಹೇಳುವುದಕ್ಕಿಂತ ಗಟ್ಟಿಯಾಗಿಯೇ ಅವರ ಪರವಾಗಿ ಹೇಳಿ, ಆಮೇಲೆ ಉತ್ತರ ಕೊಡುತ್ತೇನೆ. ತೀರ್ಪು ಓದುವವರದು. ನನ್ನ ಆಕ್ಷೇಪ ಏನೆಂದು ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಈ ಸಲಹೆಗಾರರು ಡಿಗ್ರಿಯ ಹೆಸರು ನೋಡಿದ್ದಾರೆ, ಮೊದಲ ತಿಂಗಳ ಸಂಬಳ ನೋಡಿದ್ದಾರೆ, ಊರು ನೋಡಿದ್ದಾರೆ. ಆ ಎರಡು ವರ್ಷದಲ್ಲಿ ಏನು ಕಲಿಸುತ್ತಾರೆ ಎಂಬುದನ್ನು ಮಾತ್ರ ಯಾರೂ ನೋಡಿಲ್ಲ.

ಮೊದಲನೆಯದು ದುಡ್ಡಿನ ವಾದ. ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದವನಿಗೆ ಎರಡು ವರ್ಷದ ಸಂಬಳವೂ ಬಂತು, ಅನುಭವವೂ ಬಂತು, ಎಂ.ಟೆಕ್‌ಗೆ ಹೋದವನು ಎರಡು ವರ್ಷ ಅಪ್ಪನ ದುಡ್ಡು ತಿಂದು ಕೊನೆಗೆ ಅದೇ ಕಂಪನಿಯ ಅದೇ ಬಾಗಿಲಲ್ಲಿ ನಿಲ್ಲುತ್ತಾನೆ ಎನ್ನುತ್ತಾರೆ. ಕೇಳಲು ಚೊಕ್ಕ ಲೆಕ್ಕ. ಆದರೆ ಇದರಲ್ಲಿ ಅಪ್ಪ ಎಲ್ಲಿಂದ ಬಂದರು? ಗೇಟ್ ಅರ್ಹತೆಯ ಮೇಲೆ ಪೂರ್ಣಾವಧಿ ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ವಿದ್ಯಾರ್ಥಿವೇತನವಿದೆ. 24 ತಿಂಗಳಿಗೆ 2,97,600. ಐಐಟಿ, ಎನ್‌ಐಟಿಗಳಿಗೆ ಮಾತ್ರವಲ್ಲ, ಎಐಸಿಟಿಇ ಮಾನ್ಯತೆ ಇರುವ ಕಾಲೇಜಿಗೆ ಗೇಟ್ ಅಂಕದ ಮೇಲೆ ಸೇರಿದವರಿಗೂ ಈ ಸೌಲಭ್ಯವಿದೆ. ಇದರಿಂದ ಯಾರೂ ಸೈಟು ಕೊಳ್ಳಲಾರರು. ಹಾಸ್ಟೆಲ್ಲು, ಮೆಸ್ಸು ತೂಗಿಸಿಕೊಂಡು ಹೋಗಬಹುದು. ತಕ್ಕಡಿಯ ಒಂದು ತಟ್ಟೆಯಲ್ಲಿ ಸಂಬಳ ಇಟ್ಟು ಇನ್ನೊಂದರಲ್ಲಿ ಸೊನ್ನೆ ಇಟ್ಟವರು ಈ ಮೂರು ಲಕ್ಷವನ್ನು ಯಾವ ಜೇಬಿಗೆ ಹಾಕಿಕೊಂಡರೋ ಗೊತ್ತಿಲ್ಲ.

'ಅನುಭವ'ದ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಹೊಸದಾಗಿ ಪ್ಲಾಂಟಿಗೆ ಸೇರಿದ ಬಿ.ಇ. ಪದವೀಧರ ಪಾಳಿಯ ಮೇಲೆ ಹೋಗುತ್ತಾನೆ. ಗಂಟೆಗೊಮ್ಮೆ ಪ್ರೆಶರ್, ಟೆಂಪರೇಚರ್, ಫ್ಲೋ ಓದಿ ಲಾಗ್‌ಬುಕ್ಕಿಗೆ ಇಳಿಸುತ್ತಾನೆ, ಪಂಪ್ ಕೈಕೊಟ್ಟರೆ ಮೆಕ್ಯಾನಿಕಲ್‌ನವರನ್ನು ಕರೆಯುತ್ತಾನೆ, ಪಾಳಿ ಬದಲಾಗುವಾಗ ವರದಿ ಒಪ್ಪಿಸುತ್ತಾನೆ. ಇದಕ್ಕೆ ಬೆಲೆಯಿಲ್ಲ ಎಂದು ನಾನು ಹೇಳುವುದಿಲ್ಲ. ಪ್ಲಾಂಟ್ ಹೇಗೆ ನಡೆದುಕೊಳ್ಳುತ್ತದೆ ಎಂದು ಅಲ್ಲಿ ಗೊತ್ತಾಗುವಷ್ಟು ಬೇರೆಲ್ಲೂ ಗೊತ್ತಾಗುವುದಿಲ್ಲ. ಯಾಕೆ ಹಾಗೆ ನಡೆದುಕೊಳ್ಳುತ್ತದೆ ಎಂಬುದು ಬೇರೆ ಪ್ರಶ್ನೆ. ಪ್ರೋಸೆಸ್ ಡೆವಲಪ್‌ಮೆಂಟ್, ಸ್ಕೇಲ್-ಅಪ್, ಆರ್ ಅಂಡ್ ಡಿ ಹುದ್ದೆಗಳ ಜಾಹೀರಾತುಗಳನ್ನು ಯಾರು ಬೇಕಾದರೂ ತೆಗೆದು ನೋಡಲಿ, ವಿದ್ಯಾರ್ಹತೆಯ ಸಾಲಿನಲ್ಲಿ ಎಂ.ಟೆಕ್ ಅಥವಾ ಪಿಎಚ್.ಡಿ. ಎಂದೇ ಸಾಮಾನ್ಯವಾಗಿ ಇರುತ್ತದೆ. ಅದೇ ಬಾಗಿಲು ಅಲ್ಲ, ಪಕ್ಕದ ಬಾಗಿಲು. ಇನ್ನೊಂದು ಮಾತು: ಗೇಟ್ ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಎರಡು ವರ್ಷ ಕೆಲಸ ಮಾಡಿ ಆಮೇಲೆ ಅದೇ ಅಂಕದ ಮೇಲೆ ಓದಲು ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಕೆಲಸ ಅಥವಾ ಓದು, ಎರಡರಲ್ಲಿ ಒಂದೇ ಎಂಬ ಇಕ್ಕಟ್ಟು ಇವರೇ ಕಟ್ಟಿದ್ದು.

ಇದೇ ಸೋದರಮಾವ ಅದೇ ಸಂಜೆ ಕೊಡುವ ಮುಂದಿನ ಸಲಹೆ: "ಓದಲೇಬೇಕು ಅಂತಿದ್ರೆ ಎಂಬಿಎ ಮಾಡಪ್ಪ." ಎಂಬಿಎಗೂ ಎರಡೇ ವರ್ಷ. ಅಲ್ಲಿ ತಿಂಗಳಿಗೆ 12,400 ಬರುವುದಿಲ್ಲ; ಹೆಸರು ಮಾಡಿದ ಸಂಸ್ಥೆಯಾದರೆ ಹತ್ತಾರು ಲಕ್ಷ ಕಟ್ಟಬೇಕು, ಸಾಲ ಎತ್ತಬೇಕು. ಆಗ ಎರಡು ವರ್ಷದ ಸಂಬಳ ಹೋಗುವುದಿಲ್ಲವೇ? ಕಾಲ ಒಂದೇ, ನಷ್ಟ ಮಾತ್ರ ಒಂದು ಕಡೆ ಎಣಿಕೆಗೆ ಬರುತ್ತದೆ, ಇನ್ನೊಂದು ಕಡೆ ಬರುವುದಿಲ್ಲ. ಇದನ್ನು ಲೆಕ್ಕ ಎನ್ನುವುದಾದರೆ ಪಕ್ಷಪಾತ ಎಂಬ ಮಾತಿಗೆ ಕನ್ನಡದಲ್ಲಿ ಕೆಲಸವೇ ಉಳಿಯುವುದಿಲ್ಲ.

ಎರಡನೆಯ ವಾದ: ಕೋರ್ ಕೆಲಸವೇ ಇಲ್ಲ, ಹೇಗಿದ್ದರೂ ಸಾಫ್ಟ್‌ವೇರ್‌ಗೆ ಹೋಗಬೇಕು, ಹಾಗಿದ್ದ ಮೇಲೆ ಕೆಮಿಕಲ್‌ನಲ್ಲಿ ಇನ್ನಷ್ಟು ಓದಿ ಏನು ಮಾಡುವುದು? ಇದಕ್ಕೆ ಉದ್ದ ಉತ್ತರ ಬೇಕಿಲ್ಲ. ಮಂಗಳೂರಿನ ಎಂಆರ್‌ಪಿಎಲ್ ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾ ತೈಲ ಸಂಸ್ಕರಿಸುವ ಸಾಮರ್ಥ್ಯದ ರಿಫೈನರಿ. ಪಕ್ಕದ ಪಣಂಬೂರಿನಲ್ಲಿ ಎಂಸಿಎಫ್ ಗೊಬ್ಬರ ಕಾರ್ಖಾನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ತುಂಬ ಸಕ್ಕರೆ ಕಾರ್ಖಾನೆಗಳು, ಅವುಗಳ ಬೆನ್ನಿಗೆ ಡಿಸ್ಟಿಲರಿಗಳು. ಬೊಮ್ಮಸಂದ್ರ, ಜಿಗಣಿ ಕಡೆಗೆ ಹೋದರೆ ಔಷಧ ಕಂಪನಿಗಳ ಸಾಲು. ಇವೆಲ್ಲ ಯಾರ ಕೈಯಲ್ಲಿ ನಡೆಯುತ್ತಿವೆ ಎಂದುಕೊಂಡಿದ್ದಾರೆ? ತಮಾಷೆಯೆಂದರೆ ಕೋರ್ ಕೆಲಸವೇ ಇಲ್ಲ ಎಂದವರು ಮರು ಉಸಿರಿನಲ್ಲಿ "ಅಲ್ಲಿ ಕಾಂಪಿಟಿಷನ್ ಭಯಂಕರ" ಎನ್ನುತ್ತಾರೆ. ಇಲ್ಲದ ಕೆಲಸಕ್ಕೆ ಭಯಂಕರ ಪೈಪೋಟಿ ಹೇಗೆ ನಡೆಯುತ್ತದೆ ಎಂಬುದನ್ನು ಅವರೇ ವಿವರಿಸಲಿ. ಎರಡನೆಯ ಮಾತು ನಿಜವಾದರೆ ಅದು ಹೆಚ್ಚು ಓದುವುದಕ್ಕೇ ಕಾರಣ.

ಮೂರನೆಯ ವಾದಕ್ಕೆ ಹೆಚ್ಚು ಜಾಗ ಕೊಡಬೇಕು, ಏಕೆಂದರೆ ಇದನ್ನು ಹೇಳುವವರಲ್ಲಿ ಎಂಜಿನಿಯರಿಂಗ್ ಓದಿದವರೂ ಇದ್ದಾರೆ. ಬಯೋಕೆಮಿಕಲ್ ಎಂಜಿನಿಯರಿಂಗ್ ಎಂದರೆ ಎಂಜಿನಿಯರಿಂಗ್ ಹೆಸರಿನ ಬಯಾಲಜಿ. ಮಾಸ್ ಟ್ರಾನ್ಸ್‌ಫರ್, ಹೀಟ್ ಟ್ರಾನ್ಸ್‌ಫರ್ ಕಲಿತ ಕೆಮಿಕಲ್ ಹುಡುಗ ಅಲ್ಲಿಗೆ ಹೋದರೆ ಕಲಿತದ್ದೆಲ್ಲ ನೀರಿನಲ್ಲಿ ಹೋಮ. ಬಯಾಲಜಿ ಬೇಕಾದರೆ ಎಂ.ಎಸ್ಸಿ. ಮಾಡಲಿ. ಈ ವಾದ ಮಾಡುವವರು ಒಂದು ಫರ್ಮೆಂಟರ್ ಮುಂದೆ ಅರ್ಧ ದಿನ ನಿಂತಿದ್ದರೆ ಹೀಗೆ ಹೇಳುತ್ತಿರಲಿಲ್ಲ.

ಪ್ರಯೋಗಾಲಯದಲ್ಲಿ 5 ಲೀಟರಿನ ಫರ್ಮೆಂಟರ್‌ನಲ್ಲಿ ಒಂದು ಬ್ಯಾಕ್ಟೀರಿಯಾ ಸೊಗಸಾಗಿ ಬೆಳೆಯಿತು, ಬೇಕಾದ ವಸ್ತುವನ್ನು ಬೇಕಾದಷ್ಟು ಕೊಟ್ಟಿತು ಎಂದುಕೊಳ್ಳಿ. ಅದೇ ಕೆಲಸ 5,000 ಲೀಟರಿನಲ್ಲಿ ಆಗಬೇಕು. ಪಾತ್ರೆಯ ಆಕಾರ ಹಾಗೇ ಇಟ್ಟು ಪ್ರತಿ ಅಳತೆಯನ್ನೂ ಹತ್ತು ಪಟ್ಟು ಹಿಗ್ಗಿಸಿದರೆ ಒಳಗಿನ ದ್ರವ ಸಾವಿರ ಪಟ್ಟಾಗುತ್ತದೆ, ಹೊರಮೈ ಮಾತ್ರ ನೂರು ಪಟ್ಟು. ಅಂದರೆ ಪ್ರತಿ ಲೀಟರಿಗೆ ಸಿಗುವ ತಂಪಿನ ಮೈ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ಜೀವಕೋಶಗಳು ಸುಮ್ಮನಿರುವುದಿಲ್ಲ, ಉಸಿರಾಡುತ್ತ ಶಾಖ ಹೊರಹಾಕುತ್ತಲೇ ಇರುತ್ತವೆ. ಆ ಶಾಖ ಎಲ್ಲಿಂದ ಹೊರಗೆ ಹೋಗಬೇಕು? ಜಾಕೆಟ್ ಸಾಲದೆ ಒಳಗೆ ಕಾಯಿಲ್ ಇಳಿಸಬೇಕು, ಇಳಿಸಿದರೆ ಕಲಕುವುದಕ್ಕೆ ತೊಡಕು, ತೊಳೆಯುವುದಕ್ಕೆ ಇನ್ನೂ ತೊಡಕು. ಇನ್ನು ಆಮ್ಲಜನಕ. ನಮ್ಮ ಹವೆಯ ಉಷ್ಣಾಂಶದಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ. ದಟ್ಟವಾಗಿ ಬೆಳೆದ ಬ್ಯಾಕ್ಟೀರಿಯಾ ಇಷ್ಟನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸುತ್ತದೆ. ಸಕ್ಕರೆಯನ್ನು ಬೇಕಾದಷ್ಟು ಕರಗಿಸಿ ಇಡಬಹುದು, ಗಾಳಿಯನ್ನು ಹಾಗೆ ಇಡಲಾಗದು. ಕ್ಷಣಕ್ಷಣಕ್ಕೂ ಗುಳ್ಳೆಗಳಿಂದ ದ್ರವಕ್ಕೆ ದಾಟಿಸುತ್ತಲೇ ಇರಬೇಕು. ಗುಳ್ಳೆ ಎಷ್ಟು ದೊಡ್ಡದು, ಎಷ್ಟು ಹೊತ್ತು ಒಳಗಿರುತ್ತದೆ, ಇಂಪೆಲ್ಲರ್ ಎಷ್ಟು ವೇಗದಲ್ಲಿ ತಿರುಗಬೇಕು, ತಿರುಗಿದರೆ ಕೋಶ ಹರಿದುಹೋಗುತ್ತದೆಯೇ? ಇದರಲ್ಲಿ ಬಯಾಲಜಿ ಎಷ್ಟು, ಮಾಸ್ ಟ್ರಾನ್ಸ್‌ಫರ್ ಎಷ್ಟು ಎಂದು ಕೆಮಿಕಲ್ ಓದಿದ ಯಾರಾದರೂ ಹೇಳಲಿ.

ಅಂದ ಹಾಗೆ, ಗುಳ್ಳೆ ಹುಟ್ಟುವ ಬಗೆಯ ಮೇಲೆ ಕೆಮಿಕಲ್ ಎಂಜಿನಿಯರುಗಳು ಇಂದಿಗೂ ಹೆಸರಿಸುವ ಕೆಲಸಗಳಲ್ಲಿ ಒಂದು ನಮ್ಮ ಬೆಂಗಳೂರಿನದೇ. ಐಐಎಸ್‌ಸಿಯ ಕೆಮಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿದ್ದ ಆರ್. ಕುಮಾರ್ ಮತ್ತು ಎನ್.ಆರ್. ಕುಲೂರ್ ಗುಳ್ಳೆಗಳ, ಹನಿಗಳ ಹುಟ್ಟಿನ ಬಗ್ಗೆ ಬರೆದ ದೀರ್ಘ ಪ್ರಬಂಧ 1970ರಲ್ಲಿ ಹೊರಬಂತು. ಒಂದು ಸಣ್ಣ ರಂಧ್ರದಿಂದ ಗುಳ್ಳೆ ಹೇಗೆ ಉಬ್ಬುತ್ತದೆ, ಯಾವಾಗ ಕಳಚಿಕೊಳ್ಳುತ್ತದೆ ಎಂಬ ಪ್ರಶ್ನೆ ಅದು. ಈ ಲೇಖಕರನ್ನು ಯಾರೂ ಜೀವಶಾಸ್ತ್ರಜ್ಞರೆಂದು ಕರೆದದ್ದಿಲ್ಲ.

ಇತಿಹಾಸವೂ ಎದುರಾಳಿಗಳ ಕಡೆಗಿಲ್ಲ. ಫ್ಲೆಮಿಂಗ್ ಪೆನಿಸಿಲಿನ್ ಕಂಡದ್ದು 1928ರಲ್ಲಿ. ಹನ್ನೆರಡು ವರ್ಷಗಳ ನಂತರವೂ ಆಕ್ಸ್‌ಫರ್ಡಿನವರು ಅದನ್ನು ಬೆಡ್‌ಪ್ಯಾನ್‌ಗಳಲ್ಲಿ, ಚಪ್ಪಟೆ ಪಾತ್ರೆಗಳಲ್ಲಿ ಬೂಷ್ಟು ಬೆಳೆಸಿ ಚೂರುಚೂರಾಗಿ ಕೂಡಿಸುತ್ತಿದ್ದರು. ಅದು ಯುದ್ಧಭೂಮಿಗೆ ಸಾಕಾಗುವಷ್ಟು ಆದದ್ದು 1944ರ ಮಾರ್ಚ್‌ನಲ್ಲಿ, ಬ್ರೂಕ್ಲಿನ್ನಿನ ಒಂದು ಹಳೆಯ ಐಸ್ ಫ್ಯಾಕ್ಟರಿಯಲ್ಲಿ ಫೈಜರ್ ಕಂಪನಿ ತಲಾ 28,000 ಲೀಟರ್ ಆಸುಪಾಸಿನ 14 ಟ್ಯಾಂಕ್‌ಗಳನ್ನು ಓಡಿಸಲು ಶುರುಮಾಡಿದ ಮೇಲೆ. ಬೂಷ್ಟನ್ನು ದ್ರವದ ಮೇಲೆ ತೇಲಿಸುವುದು ಬಿಟ್ಟು ಒಳಗೇ ಮುಳುಗಿಸಿ, ಸೋಂಕಿಲ್ಲದ ಗಾಳಿ ಊದಿ ಬೆಳೆಸಿದರು. ಔಷಧ ಕಂಡುಹಿಡಿದವರು ವೈದ್ಯರು, ಜೀವಶಾಸ್ತ್ರಜ್ಞರು, ರಸಾಯನಶಾಸ್ತ್ರಜ್ಞರು. ಅದನ್ನು ರೋಗಿಗೆ ಮುಟ್ಟಿಸಿದ್ದು ಕೆಮಿಕಲ್ ಎಂಜಿನಿಯರಿಂಗ್. ಬಯೋಕೆಮಿಕಲ್ ಎಂಜಿನಿಯರಿಂಗ್ ಎಂಬ ಶಾಖೆಗೆ ಬಲ ಬಂದದ್ದು ಈ ಕೆಲಸದಿಂದ. ಭಾರತದಲ್ಲಿ ಟಿ.ಕೆ. ಘೋಷ್ ಎಪ್ಪತ್ತರ ದಶಕದಲ್ಲೇ ಐಐಟಿ ದೆಹಲಿಯಲ್ಲಿ ಇದಕ್ಕೆಂದೇ ಸಂಶೋಧನಾ ಕೇಂದ್ರ ಕಟ್ಟಿದರು. ಇವತ್ತಿನ ಬಯೋಕೆಮಿಕಲ್ ಎಂಜಿನಿಯರಿಂಗ್ ಮತ್ತು ಬಯೋಟೆಕ್ನಾಲಜಿ ವಿಭಾಗ ಅದರ ಮುಂದುವರಿಕೆ. ಐಐಟಿ ಬಿಎಚ್‌ಯುನಲ್ಲಿ ಬಯೋಕೆಮಿಕಲ್ ಎಂಜಿನಿಯರಿಂಗ್‌ಗೇ ಪ್ರತ್ಯೇಕ ಸ್ಕೂಲ್ ಇದೆ. ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಅದು ಫುಡ್ ಟೆಕ್ನಾಲಜಿ ಜತೆಗೂಡಿದ ವಿಭಾಗ. ಮುಂಬೈಯ ಐಸಿಟಿ, ಅಂದರೆ 1933ರಲ್ಲಿ ಹುಟ್ಟಿದ ಹಳೆಯ ಯುಡಿಸಿಟಿ, ಕೆಮಿಕಲ್ ಎಂಜಿನಿಯರಿಂಗ್ ಜತೆಗೆ ಬಯೋಪ್ರೋಸೆಸ್ ಟೆಕ್ನಾಲಜಿಯಲ್ಲೂ ಸ್ನಾತಕೋತ್ತರ ಪದವಿ ಕೊಡುತ್ತದೆ.

ದೂರದ ಮಾತೇಕೆ, ನಮ್ಮ ಉತ್ತರ ಕರ್ನಾಟಕದ ಯಾವುದಾದರೂ ಡಿಸ್ಟಿಲರಿಗೆ ಬನ್ನಿ. ಕಾಕಂಬಿ ಫರ್ಮೆಂಟೇಶನ್ ಟ್ಯಾಂಕಿಗೆ ಬೀಳುತ್ತದೆ, ಯೀಸ್ಟ್ ತನ್ನ ಕೆಲಸ ಮಾಡುತ್ತದೆ. ಶೇ. 10ರ ಆಸುಪಾಸು ಮದ್ಯಸಾರ ಆಗುವ ಹೊತ್ತಿಗೆ ಯೀಸ್ಟಿಗೇ ಅದು ವಿಷ. ಅಲ್ಲಿಂದ ಡಿಸ್ಟಿಲೇಶನ್ ಕಾಲಂ. ಎಷ್ಟು ಕಾಯಿಸಿದರೂ ಶೇ. 95ರ ಆಚೀಚೆ ನೀರು ಮತ್ತು ಮದ್ಯಸಾರ ಒಂದಕ್ಕೊಂದು ಅಂಟಿಕೊಂಡು ಬರುತ್ತವೆ, ಬರೀ ಕುದಿಸುವುದರಿಂದ ಬೇರೆಯಾಗುವುದಿಲ್ಲ. ಪೆಟ್ರೋಲಿಗೆ ಬೆರೆಸಬೇಕಾದರೆ ಶೇ. 99.5 ದಾಟಬೇಕು. ಅದಕ್ಕೆ ಮಾಲಿಕ್ಯುಲರ್ ಸೀವ್. ಕೊನೆಗೆ ಉಳಿಯುವುದು ಪ್ರತಿ ಲೀಟರ್ ಮದ್ಯಸಾರಕ್ಕೆ ಹತ್ತು ಲೀಟರೋ ಅದಕ್ಕೂ ಹೆಚ್ಚೋ ಕಡುಕಂದು ಬಣ್ಣದ ಸ್ಪೆಂಟ್ ವಾಶ್. ಅದನ್ನು ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತದೆ, ಬೋರ್‌ವೆಲ್ ಕೆಡುತ್ತದೆ. ಡೈಜೆಸ್ಟರ್‌ಗೆ ಹಾಕಿದರೆ ಮೀಥೇನ್ ಕೊಡುತ್ತದೆ. ಅದೂ ಬ್ಯಾಕ್ಟೀರಿಯಾದ ಕೆಲಸವೇ. ಒಂದೇ ಕಾಂಪೌಂಡಿನೊಳಗೆ ಎಲ್ಲಿ ಬಯೋಕೆಮಿಕಲ್ ಮುಗಿಯಿತು, ಎಲ್ಲಿ ಕೆಮಿಕಲ್ ಶುರುವಾಯಿತು ಎಂದು ಗೆರೆ ಎಳೆದು ತೋರಿಸಲಿ ನೋಡೋಣ. 2023ರ ಫೆಬ್ರವರಿಯಲ್ಲಿ ಶೇ. 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ. ಆ ಎಥನಾಲ್ ಮಾಡುವವರು ಬೇಕಲ್ಲ? ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆಯಲ್ಲಿ ಇಂಡಸ್ಟ್ರಿಯಲ್ ಫರ್ಮೆಂಟೇಶನ್ ಮತ್ತು ಆಲ್ಕೋಹಾಲ್ ಟೆಕ್ನಾಲಜಿಯಲ್ಲಿ ಸ್ನಾತಕೋತ್ತರ ಡಿಪ್ಲೊಮಾ ಇದೆ. ಎಂ.ಟೆಕ್ ಬೇಡವೆನಿಸಿದರೂ ಕಾರ್ಖಾನೆಯ ಕೆಲಸ ಬೇಕು ಎನ್ನುವವರಿಗೆ ಇದು ದಾರಿ. ಸಲಹೆಗಾರರ ವಿಡಿಯೋಗಳಲ್ಲಿ ಇದರ ಹೆಸರು ಬಂದದ್ದು ನಾನಂತೂ ಕೇಳಿಲ್ಲ. ಆಹಾರದ ಕಡೆ ಒಲವಿದ್ದರೆ ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಇದೆ, ಅಲ್ಲಿ ಫುಡ್ ಟೆಕ್ನಾಲಜಿಯಲ್ಲಿ ಎಂ.ಎಸ್ಸಿ. ಇದೆ.

ಮೂರನೆಯದಕ್ಕೆ ಅಂಟಿಕೊಂಡು ಬರುವ ನಾಲ್ಕನೆಯ ವಾದ: ಬಿ.ಟಿ. ಎಂಬ ಗುಳ್ಳೆ ಎಂದೋ ಒಡೆದಿದೆ. 2001ರಲ್ಲಿ ಕರ್ನಾಟಕ ಬಯೋಟೆಕ್ ನೀತಿ ತಂದಿತು, ಐ.ಟಿ. ಆದ ಮೇಲೆ ಬಿ.ಟಿ. ಎಂದರು, ಕಾಲೇಜುಗಳು ಸೀಟು ತೆರೆದವು, ಹುಡುಗರು ಸೇರಿದರು, ಕೆಲಸ ಸಿಗದೆ ಕಾಲ್ ಸೆಂಟರ್ ಪಾಲಾದರು. ಇದರಲ್ಲಿ ಸುಳ್ಳಿಲ್ಲ. ಆದರೆ ಇದು ಯಾರ ವಿರುದ್ಧದ ಸಾಕ್ಷಿ? ಒಂದಿಷ್ಟು ಜೆನೆಟಿಕ್ಸ್, ಒಂದಿಷ್ಟು ಮೈಕ್ರೋಬಯಾಲಜಿ, ಒಂದಿಷ್ಟು ಎಂಜಿನಿಯರಿಂಗ್ ತುತ್ತು ತಿನ್ನಿಸಿ ಯಾವುದರಲ್ಲೂ ಹೊಟ್ಟೆ ತುಂಬಿಸದ ನಾಲ್ಕು ವರ್ಷದ ಬಿ.ಇ. ವಿರುದ್ಧದ್ದು. ಅರ್ಧ ಕಲಿತವರಿಗೆ ಕೆಲಸ ಸಿಗಲಿಲ್ಲ ಎಂಬುದರಿಂದ ಪೂರ್ತಿ ಕಲಿಯುವುದು ದಂಡ ಎಂಬ ತೀರ್ಮಾನಕ್ಕೆ ಹೋಗುವ ತರ್ಕ ಯಾವ ಶಾಸ್ತ್ರದ್ದು? ಗುಳ್ಳೆ ಒಡೆಯಿತು ಎಂದು ಇವರು ಹಾಡುತ್ತಿದ್ದ ಕಾಲದಲ್ಲೇ, 2017ರ ಡಿಸೆಂಬರ್‌ನಲ್ಲಿ, ಬೆಂಗಳೂರಿನ ಬಯೋಕಾನ್ ಮೈಲಾನ್ ಜತೆ ಸೇರಿ ತಯಾರಿಸಿದ ಸ್ತನ ಕ್ಯಾನ್ಸರಿನ ಟ್ರಾಸ್ಟುಜುಮ್ಯಾಬ್ ಔಷಧಕ್ಕೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಆ ಔಷಧದ ಬಯೋಸಿಮಿಲರ್‌ಗೆ ಅಲ್ಲಿ ಸಿಕ್ಕ ಮೊದಲ ಒಪ್ಪಿಗೆ ಅದು. ಅಂಥ ಔಷಧ ಪ್ರಾಣಿಕೋಶಗಳಲ್ಲಿ ಬೆಳೆಯುತ್ತದೆ. ಆ ಕೋಶಗಳು ಗುಳ್ಳೆ ಒಡೆದ ಪೆಟ್ಟಿಗೂ ಸಾಯುವಷ್ಟು ನಾಜೂಕು. ಒಡೆಯುವ ಗುಳ್ಳೆಯ ಬಗ್ಗೆ ನಿಜವಾಗಿ ತಲೆಕೆಡಿಸಿಕೊಳ್ಳುವವರು ಆ ಕೋಶಗಳನ್ನು ಬೆಳೆಸುವ ಎಂಜಿನಿಯರುಗಳು.

ಐದನೆಯ ವಾದದ ಒಡೆಯರು ಕನ್ಸಲ್ಟೆನ್ಸಿಯವರು: ಓದುವುದಾದರೆ ವಿದೇಶದಲ್ಲೇ ಓದು. ಸ್ನಾತಕೋತ್ತರ ಓದೇ ದಂಡ ಎನ್ನುವವರ ಪಕ್ಕದಲ್ಲೇ ಕುಳಿತು ಇವರು ಹೀಗೆ ಹೇಳುತ್ತಾರೆ, ಇಬ್ಬರಿಗೂ ಮುಜುಗರವಿಲ್ಲ. ಸುರತ್ಕಲ್‌ನ ಎನ್‌ಐಟಿಯಲ್ಲಿ ವ್ಯರ್ಥವಾಗುವ ಎರಡು ವರ್ಷ ದೇವನಹಳ್ಳಿಯಲ್ಲಿ ವಿಮಾನ ಹತ್ತಿದೊಡನೆ ಸಾರ್ಥಕವಾಗುವುದು ಹೇಗೆ? ಹೋಗಲೇಬೇಕಾದ ಕಾರಣಗಳು ಇಲ್ಲವೆಂದಲ್ಲ. ಲಂಡನ್ನಿನ ಯುಸಿಎಲ್‌ನಲ್ಲಿ ಬಯೋಕೆಮಿಕಲ್ ಎಂಜಿನಿಯರಿಂಗ್‌ಗೆ ಸ್ವತಂತ್ರ ವಿಭಾಗವಿದೆ. ಡೆನ್ಮಾರ್ಕಿನ ಡಿಟಿಯು, ಜರ್ಮನಿಯ ಡಾರ್ಟ್‌ಮುಂಡ್, ಅಮೆರಿಕದ ರಟ್ಗರ್ಸ್, ಈ ಮೂರರಲ್ಲೂ ಕೆಮಿಕಲ್, ಬಯೋಕೆಮಿಕಲ್ ಎರಡೂ ಒಂದೇ ವಿಭಾಗದ ಹೆಸರಿನಲ್ಲೇ ಇವೆ. ಇಂಥ ಕಡೆ ನಿರ್ದಿಷ್ಟ ಲ್ಯಾಬ್ ನೋಡಿಕೊಂಡು ಹೋಗುವವರಿಗೆ ನನ್ನ ತಕರಾರಿಲ್ಲ. ಆದರೆ ಕನ್ಸಲ್ಟೆನ್ಸಿಯ ಮೇಜಿನ ಮೇಲೆ ಲ್ಯಾಬಿನ ಹೆಸರು ಬರುವುದಿಲ್ಲ. ದೇಶ ಬರುತ್ತದೆ, ಇನ್‌ಟೇಕ್ ಬರುತ್ತದೆ, ಅಪ್ಲಿಕೇಶನ್ ಫೀ ಬರುತ್ತದೆ.

"ಜರ್ಮನಿಯಲ್ಲಿ ಎಲ್ಲ ಫ್ರೀ" ಎಂಬ ಮಾತನ್ನೇ ನೋಡಿ. ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಸರಿ. ಆದರೆ ವೀಸಾಕ್ಕೆ ಮುಂಚೆ ಬ್ಲಾಕ್ಡ್ ಅಕೌಂಟಿನಲ್ಲಿ ವರ್ಷದ ಖರ್ಚಿಗೆಂದು ಇಡಬೇಕಾದ ಮೊತ್ತ 11,904 ಯೂರೋ. ನಮ್ಮ ರೂಪಾಯಿಯಲ್ಲಿ ಹನ್ನೆರಡು ಲಕ್ಷದ ಹತ್ತಿರ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಹಾಕಿದೆ. ಮ್ಯೂನಿಕ್ಕಿನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಹೊರಗಿನವರಿಗೆ ಶುಲ್ಕ ಶುರುಮಾಡಿದೆ. 'ಎಲ್ಲ ಫ್ರೀ'ಯಲ್ಲಿ ಇದ್ಯಾವುದೂ ಸೇರಿಲ್ಲ. ಇನ್ನು ಅಮೆರಿಕ. ಅಲ್ಲಿ ಎಂ.ಎಸ್. ಎಂದರೆ ಬಹುಮಟ್ಟಿಗೆ ಸ್ವಂತ ದುಡ್ಡು ಅಥವಾ ಬ್ಯಾಂಕಿನ ದುಡ್ಡು. ಓದಿದ ಮೇಲೆ ಕೆಲಸಕ್ಕೆ 12 ತಿಂಗಳು, ಎಂಜಿನಿಯರಿಂಗ್ ಪದವಿಯಾದ್ದರಿಂದ ಇನ್ನೂ 24 ತಿಂಗಳು ಅವಕಾಶವಿದೆ. ಆಮೇಲೆ ಎಚ್-1ಬಿ ವೀಸಾದ ಲಾಟರಿ. ಬ್ಯಾಂಕಿನ ಕಂತಿಗೆ ಮಾತ್ರ ಲಾಟರಿ ಇಲ್ಲ. ಈ ಕನ್ಸಲ್ಟೆನ್ಸಿಯವರು ಬಾಯಿ ಬಿಡದ ಇನ್ನೊಂದು ಸಂಗತಿಯಿದೆ: ಅಮೆರಿಕದ ಒಳ್ಳೆಯ ಕೆಮಿಕಲ್ ಎಂಜಿನಿಯರಿಂಗ್ ವಿಭಾಗಗಳು ಬಿ.ಇ. ಆದವರನ್ನು ನೇರವಾಗಿ ಪಿಎಚ್.ಡಿ.ಗೆ ತೆಗೆದುಕೊಳ್ಳುತ್ತವೆ, ಶುಲ್ಕ ಮಾಫಿ ಮಾಡಿ ಸ್ಟೈಪೆಂಡ್ ಕೊಡುತ್ತವೆ. ಇಲ್ಲಿ ಎಂ.ಟೆಕ್ ಮಾಡಿ, ಒಂದು ಪೇಪರ್ ಪ್ರಕಟಿಸಿ ಹೋದವರ ಅರ್ಜಿಗೆ ತೂಕ ಹೆಚ್ಚು. ಸಾಲವಿಲ್ಲದೆ ವಿದೇಶಕ್ಕೆ ಹೋಗುವ ದಾರಿ ಇದು. ಇದರಲ್ಲಿ ಕಮಿಷನ್ ಇಲ್ಲ, ಆದ್ದರಿಂದ ಸಲಹೆಯೂ ಇಲ್ಲ.

ಆರನೆಯದು: ಪಿಎಚ್.ಡಿ. ಎಂದರೆ ಐದು ವರ್ಷದ ಸೆರೆವಾಸ, ಹೊರಬಂದರೆ ಮೇಷ್ಟ್ರ ಕೆಲಸ ಬಿಟ್ಟು ಬೇರೇನಿಲ್ಲ. ಈ ಸೆರೆಯಲ್ಲಿ ಸಿಗುವ ಫೆಲೋಶಿಪ್ ನೋಡಿ: 2023ರಿಂದ ಜೆಆರ್‌ಎಫ್ ಮೊತ್ತ ತಿಂಗಳಿಗೆ 37,000, ಎಸ್‌ಆರ್‌ಎಫ್ 42,000, ಇದರ ಮೇಲೆ ಮನೆ ಬಾಡಿಗೆ ಭತ್ಯೆ. 2018ರಲ್ಲಿ ಶುರುವಾದ ಪ್ರಧಾನಮಂತ್ರಿ ಫೆಲೋಶಿಪ್ಪಿಗೆ ಗೊತ್ತುಮಾಡಿದ್ದು 70,000ದಿಂದ 80,000. ಸೆರೆಮನೆಯಲ್ಲಿ ಇಷ್ಟು ಕೊಡುವುದಾದರೆ ಹೊರಗೆ ಕ್ಯೂ ಹನುಮಂತನ ಬಾಲದಂತೆ ಬೆಳೆಯುತ್ತಿತ್ತು. ಫೆಲೋಶಿಪ್ ಹಣ ತಿಂಗಳುಗಟ್ಟಲೆ ತಡವಾಗುವುದು, ಗೈಡ್ ಸರಿಯಿಲ್ಲದೆ ವರ್ಷ ಜಾರುವುದು ನಿಜವಾದ ಗೋಳುಗಳು. ಅವು ಬಿಲ್ ಪಾಸು ಮಾಡದ ಗುಮಾಸ್ತನ ಮೇಲಿನ, ಕೆಟ್ಟ ಗೈಡ್ ಮೇಲಿನ ದೂರು. 'ಮೇಷ್ಟ್ರ ಕೆಲಸ'ದ ಮಾತಿಗೆ ಬಂದರೆ, ಯುಡಿಸಿಟಿಯಲ್ಲಿ ಓದಿ ಪುಣೆಯ ಎನ್‌ಸಿಎಲ್‌ನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಪಿಎಚ್.ಡಿ. ಮಾಡಿದ ಅಂಜಿ ರೆಡ್ಡಿ 1984ರಲ್ಲಿ ಒಂದು ಔಷಧ ಕಂಪನಿ ಕಟ್ಟಿದರು. ಅದರ ಹೆಸರಿನಲ್ಲೇ 'ಡಾಕ್ಟರ್' ಇದೆ. ಎದುರಾಳಿಗಳ ಮನೆಯ ಔಷಧದ ಡಬ್ಬಿಯಲ್ಲೂ ಅವರ ಮಾತ್ರೆ ಇದ್ದೀತು.

ಏಳನೆಯದನ್ನು ಈಗ ಬಹಿರಂಗವಾಗಿ ಹೇಳಲು ನಾಚುತ್ತಾರೆ, ಮನೆಯೊಳಗೆ ಹೇಳುತ್ತಾರೆ: ಪ್ಲಾಂಟು, ರಾತ್ರಿ ಪಾಳಿ, ಕೆಮಿಕಲ್ ವಾಸನೆ, ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ. ಮೇಲೆ ಹೇಳಿದ ಪೆನಿಸಿಲಿನ್ ಕಥೆಯಲ್ಲಿ ಬೇಕೆಂದೇ ಒಂದು ಹೆಸರು ಬಿಟ್ಟಿದ್ದೆ. ವಾಣಿಜ್ಯ ಮಟ್ಟದ ಮೊದಲ ಪೆನಿಸಿಲಿನ್ ಪ್ಲಾಂಟಿನ ವಿನ್ಯಾಸದ ಹೊಣೆ ಹೊತ್ತವರು ಮಾರ್ಗರೆಟ್ ಹಚಿನ್ಸನ್ ರೂಸೋ. 1937ರಲ್ಲಿ ಎಂಐಟಿಯಿಂದ ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದವರು. ಅಮೆರಿಕದ ಕೆಮಿಕಲ್ ಎಂಜಿನಿಯರುಗಳ ಸಂಘ 1945ರಲ್ಲಿ ಸೇರಿಸಿಕೊಂಡ ಮೊದಲ ಮಹಿಳಾ ಸದಸ್ಯೆ. ನಮ್ಮೂರಿನ ಉದಾಹರಣೆ ಬೇಕೆಂದರೆ, ಆಸ್ಟ್ರೇಲಿಯಾದಲ್ಲಿ ಬ್ರೂಯಿಂಗ್ ಓದಿ ಬಂದ ಕಿರಣ್ ಮಜುಂದಾರ್‌ಗೆ ಬ್ರೂಮಾಸ್ಟರ್ ಕೆಲಸ ಗಂಡಸರದು ಎಂದು ಇಲ್ಲಿನವರು ಬಾಗಿಲು ಹಾಕಿದರು. 1978ರಲ್ಲಿ ಅವರು ಬೆಂಗಳೂರಿನಲ್ಲಿ ಪರಂಗಿಯಿಂದ ಪಪೈನ್ ಎಂಬ ಕಿಣ್ವ ತೆಗೆಯುವ ಸಣ್ಣ ಉದ್ಯಮವಾಗಿ ಬಯೋಕಾನ್ ಶುರುಮಾಡಿದರು. ಬಿಯರ್ ಕಾಯಿಸಲು ಬೇಡವಾದವರು ಇನ್ಸುಲಿನ್ ಮಾಡಿಸಿದರು. ಇನ್ನು ರಾತ್ರಿ ಪಾಳಿ: ಕರ್ನಾಟಕ 2023ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ರಕ್ಷಣೆಯ ಷರತ್ತುಗಳೊಂದಿಗೆ ಹೆಂಗಸರ ರಾತ್ರಿ ಪಾಳಿಗೆ ಅವಕಾಶ ಕೊಟ್ಟಿದೆ. ಆ ಷರತ್ತುಗಳನ್ನು ಕಾರ್ಖಾನೆಗಳು ಪಾಲಿಸುತ್ತವೆಯೇ ಎಂದು ಕೇಳಿ, ಅದು ಕೇಳಬೇಕಾದ ಪ್ರಶ್ನೆ.

ಕೊನೆಯ ವಾದ ಬೇರೆ ಪಾಳಯದಿಂದ ಬರುತ್ತದೆ. ಎಂ.ಟೆಕ್ ದಂಡ ಎನ್ನುವವರಿಗೆ ನಾನು ಉತ್ತರ ಕೊಡುತ್ತಿದ್ದರೆ ಹಿಂದೆ ನಿಂತು ಚಪ್ಪಾಳೆ ತಟ್ಟುವ ಕೆಲವು ಕಾಲೇಜು ಆಡಳಿತದವರಿದ್ದಾರೆ. ಅವರ ಮಾತು: ಕಾಲೇಜು ಯಾವುದಾದರೇನು, ಡಿಗ್ರಿ ಒಂದೇ, ಗೇಟ್ ಆಗದಿದ್ದರೆ ಪಿಜಿಸಿಇಟಿ ಇದೆ, ಅದೂ ಆಗದಿದ್ದರೆ ಮ್ಯಾನೇಜ್‌ಮೆಂಟ್ ಸೀಟಿದೆ. ಈ ಚಪ್ಪಾಳೆ ನನಗೆ ಬೇಡ. ಒಂದು ಕಾಲೇಜಿನ ಬಯೋಪ್ರೋಸೆಸ್ ಲ್ಯಾಬ್ ನೋಡಿದ್ದೇನೆ. ಐದು ಲೀಟರಿನ ಆಮದು ಫರ್ಮೆಂಟರ್ ಮೂಲೆಯಲ್ಲಿತ್ತು, ಬಂದ ದಿನದ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು, ಅದರ ಮೇಲೆ ಬೆರಳಿನಿಂದ ಯಾರೋ ತಮ್ಮ ಹೆಸರು ಬರೆಯುವಷ್ಟು ಧೂಳು. ಆಮ್ಲಜನಕ ಅಳೆಯುವ ಪ್ರೋಬ್‌ನ ಮೆಂಬ್ರೇನ್ ಒಣಗಿ ಬಿರುಕು ಬಿಟ್ಟಿತ್ತು. ತಪಾಸಣೆ ತಂಡ ಬರುವ ಹಿಂದಿನ ದಿನ ಕವರ್ ತೆಗೆದು ಒರೆಸುತ್ತಾರೆ ಎಂದು ಅಟೆಂಡರ್ ಯಾವ ಸಂಕೋಚವೂ ಇಲ್ಲದೆ ಹೇಳಿದ. ಅಲ್ಲಿ ಎಂ.ಟೆಕ್ ಮಾಡುವುದು ದಂಡ ಎಂದರೆ ನಾನು ಎರಡೂ ಕೈ ಎತ್ತಿ ಒಪ್ಪುತ್ತೇನೆ. ಎದುರಾಳಿಗಳ ಇಡೀ ವಾದದಲ್ಲಿ ನಿಲ್ಲುವ ಮಾತು ಇದೊಂದೇ, ಅದನ್ನು ಅವರು ಹೇಳಲೇ ಇಲ್ಲ. ಹೇಳಬೇಕಾದರೆ ಲ್ಯಾಬಿನೊಳಗೆ ಹೋಗಿ ನೋಡಬೇಕಿತ್ತು.

ಆದ್ದರಿಂದ ಓದಬೇಕೆಂದಿರುವವರಿಗೆ ನನ್ನ ಮಾತು ಇಷ್ಟೇ. ಸೇರುವ ಮೊದಲು ವಿಭಾಗಕ್ಕೆ ಹೋಗಿ. ಫರ್ಮೆಂಟರ್, ಡಿಸ್ಟಿಲೇಶನ್ ಕಾಲಂ ಕೊನೆಯ ಬಾರಿ ಯಾವಾಗ ಓಡಿತೆಂದು ಪ್ರೊಫೆಸರರನ್ನಲ್ಲ, ಅಟೆಂಡರನ್ನು ಕೇಳಿ. ಹಿಂದಿನ ವರ್ಷದವರ ಥೀಸಿಸ್ ತೆಗೆಸಿ ಅದರಲ್ಲಿ ಸ್ವಂತ ಪ್ರಯೋಗದ ಅಂಕಿಅಂಶ ಇದೆಯೇ ನೋಡಿ. ಗೈಡ್ ಆಗುವವರ ಹೆಸರಿನಲ್ಲಿ ಈ ಐದು ವರ್ಷದಲ್ಲಿ ಏನು ಪ್ರಕಟವಾಗಿದೆ ನೋಡಿ. ಗೇಟ್ ಅರ್ಜಿಯನ್ನು ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಕರೆಯುತ್ತಾರೆ, ಪರೀಕ್ಷೆ ಫೆಬ್ರವರಿಯಲ್ಲಿ. ಕೆಮಿಕಲ್‌ನವರಿಗೆ ಸಿ.ಎಚ್., ಬಯೋಟೆಕ್ನಾಲಜಿಯವರಿಗೆ ಬಿ.ಟಿ. ಪತ್ರಿಕೆ, ಮೂರು ಗಂಟೆ, ನೂರು ಅಂಕ.